ಕೊಳದ ಕೊನೆಯ ನೀರು

ಈಜುಕೊಳದ ನೀರು ಬದಲಾಯಿಸುವುದು ಏನು ಮಹಾ ಕೆಲಸ ಎಂದು ಕೇಳುವವರಿದ್ದಾರೆ. ಅಂಥವರು ಬಕೆಟ್ಟಿನ ನೀರು ಚೆಲ್ಲಿ ಬೇರೆ ನೀರು ಹಿಡಿದವರು, ಅಷ್ಟೇ. ಕೊಳದ ನೀರು ಹಾಗೆ ಹೇಳಿದ ತಕ್ಷಣ ಹೊರಡುವ ಜಾತಿಯದಲ್ಲ. ಪಂಪ್ ರೂಮಿನ ಮೂಲೆಯಲ್ಲಿರುವ ಕಬ್ಬಿಣದ ಚಕ್ರವನ್ನು ಎರಡೂ ಕೈಯಿಂದ ತಿರುಗಿಸಬೇಕು. ಬೆಳಿಗ್ಗೆ ತಿರುಗಿಸಿದರೆ ಸಂಜೆಯ ಹೊತ್ತಿಗೆ ತಳ ಕಾಣುತ್ತದೆ. ಅಷ್ಟಾದರೂ ಆಳದ ತುದಿಯಲ್ಲಿ, ನೀರು ಹೊರಹೋಗುವ ಜಾಲರಿಯ ಸುತ್ತ, ಒಂದು ಚಾಪೆಯಗಲ ನೀರು ಹಠ ಹಿಡಿದು ಕೂತುಬಿಡುತ್ತದೆ. ಕಟ್ಟಿದವರು ಇಳಿಜಾರು ಕೊಡುವಾಗ ಎಡವಟ್ಟು ಮಾಡಿದ್ದಾರೆ ಎಂದು ಪಂಪ್ ನೋಡಿಕೊಳ್ಳುವ ಅಪ್ಪ ಪ್ರತಿವರ್ಷ ಬೈಯುತ್ತಿದ್ದ. ಆ ಕೊನೆಯ ನೀರು ತಾನಾಗಿ ಹೋಗುವುದಿಲ್ಲ. ಪೊರಕೆ ಹಿಡಿದು ಜಾಲರಿಯೊಳಕ್ಕೆ ಗುಡಿಸಬೇಕು.

ಗುಡಿಸುವ ಕೆಲಸ ಅಪ್ಪನ ಇಬ್ಬರು ಹೆಣ್ಣುಮಕ್ಕಳದು. ಗುಡಿಸಿದ್ದಕ್ಕಿಂತ ಜಾರಿ ಬಿದ್ದದ್ದೇ ಹೆಚ್ಚು. ಪಾಚಿಗಟ್ಟಿದ ಟೈಲ್ಸಿನ ಮೇಲೆ ಒಬ್ಬಳು ಕೂತರೆ ಇನ್ನೊಬ್ಬಳು ಪೊರಕೆಯಿಂದ ತಳ್ಳುವಳು. ವರ್ಷಕ್ಕೊಂದು ದಿನ ಸಿಗುವ ಆ ಸುಖಕ್ಕೆ ಇಬ್ಬರೂ ಉಳಿದ ದಿನಗಳನ್ನೆಲ್ಲ ಕಾಯುತ್ತಿದ್ದರು. ಮನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ದೊಡ್ಡವಳು, ಚಿಕ್ಕವಳು, ಮುಗಿಯಿತು. ಈಗ ದೊಡ್ಡವಳಿಲ್ಲ. ಆದರೂ ಚಿಕ್ಕವಳನ್ನು ಎಲ್ಲರೂ ಚಿಕ್ಕವಳೆಂದೇ ಕರೆಯುತ್ತಾರೆ. ಯಾರಿಗಿಂತ ಚಿಕ್ಕವಳು ಎಂದು ಯಾರೂ ಯೋಚಿಸುವುದಿಲ್ಲ, ಅವಳೊಬ್ಬಳನ್ನು ಬಿಟ್ಟು.

ದೊಡ್ಡವಳು ನೀರಿನಲ್ಲಿ ಮುಳುಗಿ ಹೋದವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕೇಳಿದವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ. ಊರ ಕ್ಲಬ್ಬುಗಳಲ್ಲೆಲ್ಲ ಅವಳಷ್ಟು ವೇಗದ ಹುಡುಗಿ ಇನ್ನೊಬ್ಬಳಿರಲಿಲ್ಲ. ಅಂಥವಳನ್ನು ಒಯ್ದದ್ದು ಒಂದು ಜ್ವರ. ಬೆಳಿಗ್ಗೆ ಹಗ್ಗ ಕಟ್ಟಿದ ನಾಲ್ಕನೇ ಸಾಲಿನಲ್ಲಿ ಈಜಿದಳು, ಗೋಡೆಗೆ ಎರಡು ಸಲ ಅಂಗೈಯಿಂದ ಬಡಿದಳು, ಅದು ಅವಳ ಅಭ್ಯಾಸ. ಮೇಲೆ ಬಂದು ತಲೆನೋವು ಎಂದಳು. ಸಂಜೆಗೆ ಆಸ್ಪತ್ರೆ. ಜ್ವರ ಮೆದುಳಿಗೇರಿದೆ ಎಂದರು. ಆ ವಾರ ಮುಗಿಯುವುದರೊಳಗೆ ಅವಳ ಮಂಚ ಖಾಲಿಯಾಯಿತು. ಅಕ್ಕ ಚೆನ್ನಾಗಿದ್ದಾಗ ಚಿಕ್ಕವಳು ಅವಳನ್ನು ಕೊನೆಯ ಸಲ ನೋಡಿದ್ದು ಆ ನೀರಿನಲ್ಲಿಯೇ.

ಕೆಲವೇ ದಿನಗಳಲ್ಲಿ ನೀರು ಬದಲಾಯಿಸುವ ಹೊತ್ತು ಬಂತು. ಅಪ್ಪ ಪಂಪ್ ರೂಮಿಗೆ ಹೋಗಿ ಚಕ್ರಕ್ಕೆ ಕೈ ಹಾಕಿದ. ಎಲ್ಲಿದ್ದಳೋ ಚಿಕ್ಕವಳು, ಓಡಿ ಬಂದು ಚಕ್ರವನ್ನೇ ತಬ್ಬಿಕೊಂಡಳು.

"ಬೇಡ ಅಪ್ಪಾ. ಅಕ್ಕ ಇದೇ ನೀರಲ್ಲಿ ಇದ್ಳು. ಇದನ್ನ ಬಿಡ್ಬೇಡ. ಮಾತು ಕೊಡು."

ಬುದ್ಧಿ ಹೇಳುವ ಅಪ್ಪನಾಗಿದ್ದರೆ ಬುದ್ಧಿ ಹೇಳುತ್ತಿದ್ದ. ಈ ಅಪ್ಪ ಮಾತು ಕೊಟ್ಟುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕೊಳದ ಮ್ಯಾನೇಜರರು ಕೇಳಿದಾಗ "ಬದಲಾಯಿಸಿದ್ದೀನಿ ಸಾರ್" ಎಂದ. ಬಿಸಿಲಿಗೆ ಆರಿದಷ್ಟು, ಮಕ್ಕಳು ಹೊರಗೆ ಚೆಲ್ಲಿದಷ್ಟು ನೀರನ್ನು ಪೈಪಿನಿಂದ ತುಂಬಿಸುತ್ತ ಹೋದ.

*

ಅವರ ಮನೆ ಕೊಳದ ಹಿಂದಿನ ಕ್ವಾರ್ಟರ್ಸು. ಎರಡು ಕೋಣೆ. ಒಂದರ ಕಿಟಕಿ ಕೊಳಕ್ಕೆ ತೆರೆಯುತ್ತದೆ, ಇನ್ನೊಂದರದು ಕಾಂಪೌಂಡ್ ಗೋಡೆಗೆ. ಗೋಡೆಯೆಂದರೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಡುಗೆಮನೆಯ ಆಚೆ ಪಂಪ್ ರೂಮು. ಪಂಪಿನ ಗುಂಯ್ ಎನ್ನುವ ಸದ್ದು ನಿಂತರೆ ಮನೆಯವರಿಗೆಲ್ಲ ಎಚ್ಚರವಾಗುತ್ತದೆ. ಬಟ್ಟೆ, ಹಾಸಿಗೆ, ಪುಸ್ತಕ, ಎಲ್ಲಕ್ಕೂ ಕ್ಲೋರಿನ್ ವಾಸನೆ. ಮೊದಲು ಚಿಕ್ಕವಳಿಗೆ ಅದು ಮನೆಯ ವಾಸನೆಯಾಗಿತ್ತು. ಈಗ ಉಸಿರೆಳೆದಾಗಲೆಲ್ಲ ಯಾರೋ ಮುಖಕ್ಕೆ ಒದ್ದೆ ಬಟ್ಟೆ ಮುಚ್ಚಿದಂತೆ ಆಗುತ್ತಿತ್ತು.

ಅಮ್ಮ ಹೆಂಗಸರ ಡ್ರೆಸ್ಸಿಂಗ್ ರೂಮು ನೋಡಿಕೊಳ್ಳುತ್ತಿದ್ದಳು. ಲಾಕರಿನ ಕೀಲಿ ಕೊಡುವುದು, ಟವೆಲ್ ಒಗೆಯುವುದು. ದೊಡ್ಡವಳು ಹೋದ ಮೇಲೆ ಅಮ್ಮ ಕೊಳದ ದಂಡೆಗೆ ಕಾಲಿಟ್ಟಿರಲಿಲ್ಲ. ಹಿಂದಿನ ಕಿರಿದಾದ ಓಣಿಯಿಂದ ಹೋಗಿ, ಅದೇ ಓಣಿಯಿಂದ ವಾಪಸು ಬರುವಳು. ಮನೆಯಲ್ಲಿ ದೊಡ್ಡವಳ ಮಂಚಕ್ಕೆ ದಿನಾ ಹಾಸಿಗೆ ಸರಿಮಾಡುವಳು. ಅದರ ಬಗ್ಗೆ ಯಾರಾದರೂ ಬಾಯಿ ಬಿಟ್ಟರೆ ಎದ್ದು ಒಲೆಯ ಮುಂದೆ ನಿಲ್ಲುವಳು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ.

ಕೋಚ್ ಮೇಡಂ ಒಳ್ಳೆಯವರೇ. ಆದರೆ ಅವರಿಗೆ ಮನುಷ್ಯರಿಗಿಂತ ಸಾಲುಗಳು ಬೇಗ ಕಾಣುತ್ತವೆ. ನಾಲ್ಕು ಹುಡುಗಿಯರ ರಿಲೇ ತಂಡದಲ್ಲಿ ಕೊನೆಯ ಜಾಗ ಖಾಲಿಯಾಗಿತ್ತು, ತಂಗಿ ಕಣ್ಣೆದುರಿಗೇ ಇದ್ದಳು. "ಅಕ್ಕನ ಜಾಗ ನಿಂದು" ಎಂದು ನಾಲ್ಕನೇ ಸಾಲಿಗೆ ನಿಲ್ಲಿಸಿದರು. ಚೆನ್ನಾಗಿ ಈಜಿದರೆ "ಥೇಟ್ ಅಕ್ಕ" ಎಂದರು. ಕೆಟ್ಟದಾಗಿ ಈಜಿದರೆ ಏನೂ ಅನ್ನಲಿಲ್ಲ, ಪಾಪ ಎಂದು ತಲೆ ಸವರಿದರು. ಬೈಸಿಕೊಳ್ಳುವ ಭಾಗ್ಯವೂ ಅವಳಿಗೆ ಉಳಿಯಲಿಲ್ಲ. ಬೇರೆ ಊರಿನ ಪಂದ್ಯಕ್ಕೆ ಕರೆದರೆ ಹೊಟ್ಟೆನೋವು ಎಂದು ಮಲಗುವಳು. ಈ ನೀರು ಬಿಟ್ಟು ಬೇರೆ ನೀರಿಗೆ ಇಳಿಯಲು ಅವಳಿಗೆ ಆಗುತ್ತಿರಲಿಲ್ಲ. ಇಳಿದರೆ ಅಕ್ಕನನ್ನು ಒಬ್ಬಳೇ ಬಿಟ್ಟು ಹೋದಂತೆ.

ಏಕೆಂದರೆ ನೀರು ಮರೆಯುವುದಿಲ್ಲ ಎಂದು ಹೇಳಿದ್ದವಳು ಅಕ್ಕನೇ. ದಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟು ಅವಳು ಹೇಳುತ್ತಿದ್ದ ಕತೆ ಹೀಗಿತ್ತು:

ಜಗತ್ತಿನ ನೀರೆಲ್ಲ ಒಂದೇ ಮನೆಯದು. ಮನೆಯ ಯಜಮಾನಿ ಕಡಲಜ್ಜಿ. ನೊರೆಯೇ ಅವಳ ನರೆಗೂದಲು, ಅಲೆಗಳೆಲ್ಲ ಅವಳ ಮೊಮ್ಮಕ್ಕಳು. ಬೆಳಿಗ್ಗೆ ದಡಕ್ಕೆ ಆಡಲು ಕಳಿಸುತ್ತಾಳೆ, ಇಳಿತದ ಹೊತ್ತಿಗೆ ಎಲ್ಲರನ್ನೂ ಎಣಿಸಿ ಕರೆದುಕೊಳ್ಳುತ್ತಾಳೆ. ಒಂದು ದಿನ ಎಣಿಕೆಯಲ್ಲಿ ಒಬ್ಬಳು ಕಡಿಮೆ ಬಂದಳು. ಎಲ್ಲರಿಗಿಂತ ಕಿರಿಯ ಅಲೆಮರಿ ಬಂಡೆಯ ಹೊಂಡದಲ್ಲಿ ಆಡುತ್ತ ಉಳಿದುಬಿಟ್ಟಿದ್ದಳು. ಹೊಂಡದ ತಳದಲ್ಲಿ ಒಂದು ತೂತು, ಅದೇ ಕಡಲಿಗೆ ದಾರಿ. ಆದರೆ ಆ ಹೊಂಡದಲ್ಲಿ ಒಂದು ಏಡಿ ಇತ್ತು. ಹುಟ್ಟಿದಾಗಿನಿಂದ ಒಂಟಿ ಏಡಿ. ಅದಕ್ಕೆ ಅಲೆಮರಿಯೆಂದರೆ ಪ್ರಾಣ. ಅವಳು ಹೋಗಿಬಿಟ್ಟರೆ ಎಂಬ ಹೆದರಿಕೆಗೆ ಏಡಿ ಹೋಗಿ ತನ್ನ ಬೆನ್ನಿನಿಂದ ತೂತು ಮುಚ್ಚಿ ಕೂತಿತು. ಬಿಸಿಲೇರಿತು. ಹೊಂಡದ ನೀರು ಬೆಚ್ಚಗಾಯಿತು, ಆಮೇಲೆ ಬಗ್ಗಡವಾಯಿತು. ಅಲೆಮರಿ ಸೊರಗಿದಳು. ಆಚೆಯಿಂದ ಅಜ್ಜಿ ಕರೆಯುತ್ತಿದ್ದಳು...

"ಆಮೇಲೆ?" ಎಂದು ಚಿಕ್ಕವಳು ಕೇಳುವಳು.

"ಆಮೇಲೆ ಏನು, ನಿದ್ದೆ. ಉಳಿದದ್ದು ನಾಳೆ."

ಎಷ್ಟು ನಾಳೆಗಳು ಬಂದರೂ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಕೊಳದ ತಳದ ಜಾಲರಿಯ ಕೆಳಗೂ ಕಡಲಜ್ಜಿಯ ಮನೆಗೆ ಬಾಗಿಲಿದೆ ಎಂದು ಅಕ್ಕ ಆಣೆ ಮಾಡಿ ಹೇಳಿದ್ದಳು. ಹಾಗಾಗಿ ಚಿಕ್ಕವಳು ಈಜುವಾಗ ಕಣ್ಣು ತೆರೆದುಕೊಂಡೇ ಇರುತ್ತಿದ್ದಳು. ಮೊದಮೊದಲು ತಳದ ಕಪ್ಪು ಗೆರೆ ಕಾಣುತ್ತಿತ್ತು, ಜಾಲರಿಯೂ ಕಾಣುತ್ತಿತ್ತು. ಬರಬರುತ್ತ ನೀರು ಅಕ್ಕಿ ತೊಳೆದ ನೀರಿನಂತಾಯಿತು.

*

ಬದಲಾಯಿಸದ ನೀರು ಯಾರ ಮಾತನ್ನೂ ಕೇಳುವುದಿಲ್ಲ. ಅಪ್ಪ ಕ್ಲೋರಿನ್ ಜಾಸ್ತಿ ಹಾಕಿದ, ಮಕ್ಕಳ ಕಣ್ಣು ಕೆಂಪಾಯಿತು. ಕಡಿಮೆ ಹಾಕಿದ, ಗೋಡೆಗೆ ಪಾಚಿ ಹಿಡಿಯಿತು. ಫಿಲ್ಟರನ್ನು ಹಗಲಿಡೀ ಓಡಿಸಿದ, ನೀರು ಇನ್ನಷ್ಟು ಬೆಳ್ಳಗಾಯಿತು. ಕೋಚ್ ಮೇಡಂ ದಿನಾ ದಂಡೆಯ ಮೇಲೆ ನಿಂತು, "ಏನಿದು, ಕೊಳವೋ ಪಾಯಸವೋ?" ಎಂದು ಕೇಳುವರು. ಅಪ್ಪ "ಮರಳು ಹಳೇದಾಗಿದೆ ಮೇಡಂ, ಫಿಲ್ಟರಿನ ಮರಳು" ಎಂದು ನೆಲ ನೋಡುವನು. ಅವನ ಸ್ಥಿತಿ ಬಾಯಿಗೆ ಬಿದ್ದ ಬಿಸಿತುಪ್ಪದ್ದು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಚಿಕ್ಕವಳು ಇದನ್ನೆಲ್ಲ ನೋಡುತ್ತಿದ್ದಳು. ನೋಡಿ ಸುಮ್ಮನಿದ್ದಳು. ತಾನು ಬಾಯಿ ಬಿಟ್ಟರೆ ಅಕ್ಕ ಹೋಗಿಬಿಡುತ್ತಾಳೆ, ಬಿಡದಿದ್ದರೆ ಅಪ್ಪ ಹೀಗೇ ಬಾಗುತ್ತ ಬಾಗುತ್ತ ನೆಲಕ್ಕೆ ತಾಗುತ್ತಾನೆ. ಯಾವ ಕಡೆಗೂ ದಾರಿಯಿರಲಿಲ್ಲ.

ಅಷ್ಟರಲ್ಲಿ ದೊಡ್ಡ ಪಂದ್ಯ ಈ ಸಲ ಇದೇ ಕೊಳದಲ್ಲಿ ಎಂದು ಗೊತ್ತಾಯಿತು. ಮ್ಯಾನೇಜರರು ಗೋಡೆಗೆ ಬಣ್ಣ ಹೊಡೆಸಿದರು, ಕುರ್ಚಿ ತರಿಸಿದರು. ನೀರಿನ ಕಡೆಗೆ ನೋಡಿ, "ಇದು ತಿಳಿಯಾಗುತ್ತಲ್ವಾ?" ಎಂದರು. "ಆಗುತ್ತೆ ಸಾರ್" ಎಂದ ಅಪ್ಪ. ತಳ ಕಾಣದಿದ್ದರೆ ತೀರ್ಪುಗಾರರು ಪಂದ್ಯವನ್ನೇ ನಡೆಸುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ರಿಲೇ ತಂಡದಲ್ಲಿ ಚಿಕ್ಕವಳಿಗಿಂತ ಮುಂಚೆ ಈಜುವ ಹುಡುಗಿಗೆ ಬೆಂಡು ಎಂದು ಅಡ್ಡಹೆಸರು. ಕಡ್ಡಿಯಂಥ ಹುಡುಗಿ, ಮುಳುಗು ಎಂದು ಬೇಡಿಕೊಂಡರೂ ಮುಳುಗುತ್ತಿರಲಿಲ್ಲ. ಆ ದಿನ ಅವಳು ತಿರುವಿಗಾಗಿ ಆಳದ ತುದಿಗೆ ಬರುತ್ತಿದ್ದಳು. ಗೋಡೆ ಹತ್ತಿರ ಬಂತೆಂದು ಈಜುವವರಿಗೆ ಹೇಳುವುದು ತಳದ ಕಪ್ಪು ಗೆರೆ. ಗೋಡೆಗೆ ಸ್ವಲ್ಪ ಮುಂಚೆ ಅದು ನಿಲ್ಲುತ್ತದೆ, ನಿಂತಲ್ಲಿ ಪಲ್ಟಿ ಹೊಡೆಯಬೇಕು. ಬೆಂಡುವಿಗೆ ಗೆರೆ ಕಾಣಲಿಲ್ಲ. ಪಲ್ಟಿ ಹೊಡೆಯದೆ ಪೂರ್ತಿ ವೇಗದಲ್ಲಿ ಹೋಗಿ ಹಣೆಯನ್ನು ಗೋಡೆಗೆ ಕೊಟ್ಟಳು.

ಆ ಸದ್ದು ಚಿಕ್ಕವಳಿಗೆ ಕೇಳಿಸಿತು. ಬೆಂಡು ಮೇಲೆ ಬರಲಿಲ್ಲ. ಕೋಚ್ ಮೇಡಂ ಹಾಕಿಕೊಂಡ ಬಟ್ಟೆಯಲ್ಲೇ ಧುಮುಕಿದರು. ಧುಮುಕಿದರೂ ಹುಡುಗಿ ಎಲ್ಲಿದ್ದಾಳೆಂದು ಕಾಣದೆ ಕೈಯಿಂದ ತಡವಿದರು. ತಡವಿ ಎತ್ತಿದಾಗ ಬೆಂಡುವಿನ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು, ಆದರೆ ಕೆಮ್ಮುತ್ತಿದ್ದಳು, ಅಳುತ್ತಿದ್ದಳು. ಬೆಂಡು ಅತ್ತದ್ದನ್ನು ಕೇಳಿ ಅಷ್ಟು ಸಂತೋಷ ಯಾರಿಗೂ ಯಾವತ್ತೂ ಆಗಿರಲಿಕ್ಕಿಲ್ಲ. ಚಿಕ್ಕವಳು ದಂಡೆಯ ಮೇಲೆ ಮೊಣಕಾಲೂರಿ ಕೂತಿದ್ದಳು. ಇದು ತನ್ನ ಕೆಲಸ ಎಂದು ಅವಳಿಗೆ ಗೊತ್ತಿತ್ತು. ಸ್ವಲ್ಪ ತಪ್ಪಿದ್ದರೆ ಇನ್ನೊಬ್ಬರ ಮನೆಯಲ್ಲೂ ಒಂದು ಮಂಚ ಖಾಲಿಯಾಗುತ್ತಿತ್ತು.

ಹುಬ್ಬಿಗೆ ಹೊಲಿಗೆ ಹಾಕಿಸಿ ಬೆಂಡುವನ್ನು ಮನೆಗೆ ಕಳಿಸಿದ ಮೇಲೆ ಮ್ಯಾನೇಜರರು ಪಂಪ್ ರೂಮಿಗೆ ಬಂದರು. ಚಿಕ್ಕವಳು ಕ್ಲೋರಿನ್ ಡ್ರಮ್ಮುಗಳ ಹಿಂದೆ ಕೂತಿದ್ದಳು.

"ನೀರು ಬದಲಾಯಿಸಿಲ್ಲ ನೀವು. ಹೌದೋ ಅಲ್ವೋ?"

"ಹೌದು ಸಾರ್."

"ಯಾಕೆ?"

ಅಪ್ಪನಿಗೆ ಮಗಳು ಅಲ್ಲಿರುವುದು ಗೊತ್ತಿತ್ತು, ಅವಳ ಚಪ್ಪಲಿ ಬಾಗಿಲಲ್ಲೇ ಇತ್ತು. ಅವನು ಡ್ರಮ್ಮಿನ ಕಡೆಗೆ ಕಣ್ಣೆತ್ತಲಿಲ್ಲ.

"ಸೋಮಾರಿತನ ಸಾರ್. ನಂದೇ ತಪ್ಪು."

ಮಗಳನ್ನು ಕಳೆದುಕೊಂಡವನನ್ನು ಬೈಯಲು ಮ್ಯಾನೇಜರರಿಗೂ ನಾಲಿಗೆ ಬರಲಿಲ್ಲ. "ನಾಳೆ ಈ ಕೊಳ ಖಾಲಿಯಾಗ್ಬೇಕು. ಇಲ್ಲಾಂದ್ರೆ ನೀವು ಮನೆ ಖಾಲಿ ಮಾಡ್ಬೇಕಾಗುತ್ತೆ. ನನ್ನ ಕೈಲಿ ಇನ್ನೇನೂ ಇಲ್ಲ" ಎಂದು ಹೊರಟುಹೋದರು.

ಚಿಕ್ಕವಳು ಡ್ರಮ್ಮಿನ ಹಿಂದಿನಿಂದ ಎದ್ದು ಬಂದಳು. "ನಾನು ಹೇಳಿದ್ದು ಅಂತ ಯಾಕೆ ಹೇಳ್ಲಿಲ್ಲ?"

"ಮಾತು ಕೊಟ್ಟೋನು ನಾನು ಮಗಾ, ನೀನಲ್ಲ." ಅಪ್ಪ ತಲೆಕೆಳಗು ಮಾಡಿಟ್ಟ ಬಕೆಟ್ಟಿನ ಮೇಲೆ ಕೂತ. "ಇನ್ನೂ ಒಂದು ಹೇಳ್ತೀನಿ. ನೀನು ಕೇಳದೇ ಇದ್ದಿದ್ರೂ ಅವತ್ತು ನನ್ನ ಕೈ ತಿರುಗ್ತಿರಲಿಲ್ಲ. ನೀನು ಕೇಳಿದ್ದು ನಂಗೆ ಒಂದು ನೆಪ ಆಯ್ತು."

ಪಂಪು ಗುಂಯ್ ಎನ್ನುತ್ತಿತ್ತು. ಚಿಕ್ಕವಳು ಅಪ್ಪನ ಪಕ್ಕದಲ್ಲಿ ನೆಲಕ್ಕೆ ಕೂತಳು. ಅವಳಿಗೆ ಕೇಳಬೇಕಾದದ್ದು ಒಂದೇ ಇತ್ತು.

"ಅಪ್ಪಾ, ಕಡಲಜ್ಜಿ ಕತೇಲಿ ಕೊನೆಗೆ ಏನಾಗುತ್ತೆ? ಅಕ್ಕಂಗೆ ಆ ಕತೆ ನೀನೇ ಹೇಳಿದ್ದಂತೆ. ಅವಳು ನಂಗೆ ಕೊನೆ ಹೇಳಲೇ ಇಲ್ಲ. ಏಡಿ ತೂತು ಮುಚ್ಕೊಂಡು ಕೂತಿತ್ತು. ಆಮೇಲೆ?"

ಅಪ್ಪ ತಲೆ ಕೆರೆದುಕೊಂಡ. ಅವನ ಮುಖದ ಮೇಲೆ ನಾಚಿಕೆ ಬಂತು.

"ಕೊನೆ ಇಲ್ಲ ಮಗಾ."

"ಇಲ್ಲ ಅಂದ್ರೆ?"

"ದಿನವಿಡೀ ಪಂಪು ನೋಡಿ ಸುಸ್ತಾಗಿ ಬಂದಿರ್ತಿದ್ದೆ. ಅವಳನ್ನ ಮಲಗಿಸೋಕೆ ಅಂತ ಬಾಯಿಗೆ ಬಂದದ್ದು ಹೇಳ್ತಿದ್ದೆ. ಏಡಿ ಹೋಗಿ ಕೂತ್ಕೊಳ್ಳೋ ಹೊತ್ತಿಗೆ ನಂಗೇ ನಿದ್ದೆ ಬಂದ್ಬಿಡ್ತಿತ್ತು. ಆಮೇಲೆ ಆಮೇಲೆ ಅಂತ ನನ್ನ ಮೀಸೆ ಎಳೆಯೋಳು. ನಾಳೆ ನಾಳೆ ಅಂತಿದ್ದೆ. ಆ ನಾಳೆ ಬರಲೇ ಇಲ್ಲ."

ಚಿಕ್ಕವಳಿಗೆ ಮೊದಲು ಸಿಟ್ಟು ಬಂತು. ಕೊನೆಯೇ ಗೊತ್ತಿಲ್ಲದ ಕತೆಯನ್ನು ಅಕ್ಕ ಎಷ್ಟು ಗತ್ತಿನಿಂದ ಬಚ್ಚಿಟ್ಟುಕೊಂಡಿದ್ದಳು! ದೊಡ್ಡ ಗುಟ್ಟು ಗೊತ್ತಿರುವವಳಂತೆ ಹುಬ್ಬು ಹಾರಿಸುತ್ತಿದ್ದಳಲ್ಲ! ಕಳ್ಳಿ. ಆಮೇಲೆ ಅವಳಿಗೆ ನಗು ಬಂತು. ಅಪ್ಪನೂ ನಕ್ಕ. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ಕಾಲವಾಗಿತ್ತು, ಇಬ್ಬರಿಗೂ ತಪ್ಪು ಮಾಡಿದ ಹಾಗೆ ಅನಿಸಿ ಬಾಯಿ ಮುಚ್ಚಿಕೊಂಡರು.

"ಆ ಏಡಿಗೆ ಬುದ್ಧಿ ಬೇಡ್ವಾ?" ಎಂದಳು ಚಿಕ್ಕವಳು ಕಣ್ಣೊರೆಸಿಕೊಳ್ಳುತ್ತ. "ನೀರು ಬಗ್ಗಡ ಆಗಿರೋದು ಕಾಣಲ್ವಾ? ಅಲೆಮರಿ ಸೊರಗ್ತಾ ಇರೋದು ಕಾಣಲ್ವಾ? ಆಚೆ ಅಜ್ಜಿ ಕರೀತಾನೇ ಇದ್ದಾಳೆ, ಇದು ಮಾತ್ರ ಅಲ್ಲಾಡದೆ..."

ಅಲ್ಲಿಗೆ ಅವಳ ಮಾತು ನಿಂತಿತು. ಅವಳು ಮೂಲೆಯ ಚಕ್ರವನ್ನು ನೋಡಿದಳು. ಅದನ್ನು ತಬ್ಬಿಕೊಂಡಾಗ ತುಕ್ಕಿನ ಕಲೆ ಅಂಟಿದ ಅಂಗಿಯನ್ನೇ ಈಗಲೂ ತೊಟ್ಟಿದ್ದಳು. ಅಮ್ಮ ಎಷ್ಟು ಉಜ್ಜಿದರೂ ಆ ಕಲೆ ಹೋಗಿರಲಿಲ್ಲ.

"ಅಪ್ಪಾ," ಎಂದಳು, "ಚಕ್ರ ಗಟ್ಟಿಯಾಗಿದ್ಯಾ?"

"ಗಟ್ಟಿಯಾಗಿರುತ್ತೆ. ತಿರುಗಿಸದೇ ತುಂಬ ದಿನ ಆಯ್ತಲ್ಲ."

"ನಾಳೆ ನಾನೂ ಹಿಡ್ಕೋತೀನಿ."

*

ಬೆಳಿಗ್ಗೆ ಅಪ್ಪ ಚಕ್ರಕ್ಕೆ ಎಣ್ಣೆ ಬಿಟ್ಟ. ಒಂದು ಕಡೆ ಅಪ್ಪನ ಕೈ, ಇನ್ನೊಂದು ಕಡೆ ಚಿಕ್ಕವಳ ಕೈ. ಚಕ್ರ ಕಿರುಗುಟ್ಟಿತು, ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಚಿಕ್ಕವಳಿಗೆ ಒಳಗೊಳಗೇ ಸಮಾಧಾನವಾಯಿತು. ಅದನ್ನು ಹೇಳದೆ ಬಿಡುವುದು ಸರಿಯಲ್ಲ. ತಿರುಗದಿದ್ದರೆ ಸಾಕು ಎಂದು ಅವಳು ಬೇಡಿಕೊಳ್ಳುತ್ತಲೇ ತಿರುಗಿಸಿದಳು. ಆಮೇಲೆ ಚಕ್ರ ಒಮ್ಮೆಲೇ ಸಡಿಲವಾಯಿತು. ಗೋಡೆಯೊಳಗಿನ ಪೈಪಿನಲ್ಲಿ ದೊಡ್ಡ ನಿಟ್ಟುಸಿರಿನಂಥ ಸದ್ದು ಹೊರಟಿತು.

ನೀರು ಇಳಿಯುವುದನ್ನು ಅವಳು ದಂಡೆಯ ಮೇಲೆ ಕೂತು ನೋಡಿದಳು. ಮೊದಲು ಏಣಿಯ ಮೆಟ್ಟಿಲೊಂದು ಬಯಲಾಯಿತು, ಆಮೇಲೆ ಮತ್ತೊಂದು. ಗೋಡೆಯ ಮೇಲೆ ಹಸಿರು ಗೀರುಗಳು ಉಳಿದವು. ಸಾಲು ಸಾಲಾಗಿ ಕಟ್ಟಿದ್ದ ಹಗ್ಗಗಳು ಜೋಲುಬಿದ್ದವು. ಓಡಿಹೋಗಿ ಚಕ್ರ ಮುಚ್ಚಿಬಿಡಲೇ ಎಂದು ಹತ್ತಾರು ಸಲ ಎದ್ದು ಕೂತಳು. ಹಗಲಿಡೀ ಎದ್ದಳು, ಕೂತಳು.

ಮಧ್ಯಾಹ್ನ ನೀರು ಫಿಲ್ಟರಿನ ಪೈಪಿಗಿಂತ ಕೆಳಗಿಳಿದಾಗ ಅಪ್ಪ ಪಂಪು ನಿಲ್ಲಿಸಿದ. ಗುಂಯ್ ಎನ್ನುವ ಸದ್ದು ನಿಂತದ್ದೇ ತಡ, ಟವೆಲ್ ಒಗೆಯುತ್ತಿದ್ದ ಅಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದಳು. ಓಣಿಯಿಂದಲ್ಲ, ಡ್ರೆಸ್ಸಿಂಗ್ ರೂಮಿನ ಮುಂಬಾಗಿಲಿನಿಂದ, ನೇರವಾಗಿ ಕೊಳದ ದಂಡೆಗೆ. ಇಳಿಯುತ್ತಿದ್ದ ಬಗ್ಗಡ ನೀರನ್ನು, ಗೋಡೆಯ ಪಾಚಿಯನ್ನು ನೋಡಿದಳು. ಗಂಡನನ್ನು ನೋಡಿದಳು.

"ಹೋದ ಸಲ ಬದಲಾಯಿಸಿರಲೇ ಇಲ್ವಾ?"

ಅಪ್ಪ ಇಲ್ಲವೆಂದು ತಲೆಯಾಡಿಸಿದ.

"ಅಂದ್ರೆ ಇಷ್ಟು ದಿನ ಅವಳ ನೀರು ಇಲ್ಲೇ ಇತ್ತು," ಎಂದಳು ಅಮ್ಮ, "ನಾನು ಒಂದು ಸಲಾನೂ ಬಂದು ಮುಟ್ಟಲಿಲ್ಲ." ಅಮ್ಮ ದಂಡೆಯ ಮೇಲೆ ಕುಸಿದು ಕೂತು ಅತ್ತಳು. ಒಲೆಯ ಮುಂದೆ ಬೆನ್ನು ತಿರುಗಿಸಿ ಅಲ್ಲ, ಎಲ್ಲರ ಎದುರಿಗೆ, ದೊಡ್ಡ ದನಿಯಲ್ಲಿ. ಚಿಕ್ಕವಳು ಹೋಗಿ ಅವಳಿಗೆ ಒರಗಿ ಕೂತಳು.

ಸಂಜೆಯ ಬಿಸಿಲು ಖಾಲಿ ಕೊಳದೊಳಕ್ಕೆ ಬಿದ್ದಾಗ ಆಳದ ತುದಿಯಲ್ಲಿ ಚಾಪೆಯಗಲ ನೀರು ಉಳಿದಿತ್ತು, ಪ್ರತಿವರ್ಷದಂತೆ. ಅಪ್ಪ ಮೂರು ಪೊರಕೆ ತಂದ. ಕೆಂಪು ಹಿಡಿಕೆಯದು ದೊಡ್ಡವಳದು. ಅದನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ನಿಂತಿದ್ದಾಗ ಅಮ್ಮ ಸೆರಗು ಸಿಕ್ಕಿಸಿಕೊಂಡು ಅದನ್ನು ಕಿತ್ತುಕೊಂಡು ಏಣಿ ಇಳಿದಳು. ಇಳಿದು ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ಪಾಚಿಯ ಮೇಲೆ ಕಾಲು ಜಾರಿ ಧೊಪ್ಪೆಂದು ಕೂತಳು.

"ಅಯ್ಯೋ, ಪೆಟ್ಟಾಯ್ತಾ?" ಎಂದ ಅಪ್ಪ.

"ಪ್ರತಿವರ್ಷ ಇವರಿಬ್ರೂ ಇಲ್ಲಿ ಮಾಡ್ತಿದ್ದಿದ್ದು ಇದನ್ನೇನಾ?" ಎಂದಳು ಅಮ್ಮ ಕೂತಲ್ಲಿಂದಲೇ.

"ಹೂಂ" ಎಂದಳು ಚಿಕ್ಕವಳು.

ಅವಳು ನಾಲ್ಕನೇ ಸಾಲಿನ ಕಪ್ಪು ಗೆರೆಯ ಮೇಲೆ ನಡೆದುಕೊಂಡು ಜಾಲರಿಯ ಹತ್ತಿರ ಹೋದಳು. ಜಾಲರಿಯ ಮೇಲೆ ಕೂದಲ ಬ್ಯಾಂಡುಗಳು, ಈಜುಗನ್ನಡಕದ ಹರಿದ ಪಟ್ಟಿ, ಗುಂಡಿಗಳು ಸಿಕ್ಕಿಕೊಂಡಿದ್ದವು. ಯಾವುದು ಯಾರದೆಂದು ಹೇಳುವ ಹಾಗಿರಲಿಲ್ಲ. ಬಗ್ಗಿ ಒಳಗೆ ನೋಡಿದಳು. ಬಾಗಿಲು ಇರಲಿಲ್ಲ. ತೋಳಿನಷ್ಟು ದಪ್ಪದ ಒಂದು ಪೈಪು, ಒಳಗೆ ಕತ್ತಲೆ, ಅಷ್ಟೇ. ಅಷ್ಟು ಸಣ್ಣ ದಾರಿಯಿಂದಲೇ ಅಷ್ಟು ನೀರು ಹೋಗಿತ್ತು.

ಪೊರಕೆ ಹಿಡಿದು ನಿಂತಳು. ಕೈ ಮುಂದಕ್ಕೆ ಹೋಗಲಿಲ್ಲ. ಅಪ್ಪ ಅಮ್ಮ ಇಬ್ಬರೂ ಅವಳ ಹಿಂದೆ ಬಂದು ನಿಂತರು. ಯಾರೂ ಅವಸರ ಮಾಡಲಿಲ್ಲ.

"ಆಮೇಲೆ?" ಎಂದು ಕೇಳಿದ ಅಪ್ಪ. ಮೆಲ್ಲಗೆ ಕೇಳಿದ.

ಚಿಕ್ಕವಳು ನೀರನ್ನು ನೋಡುತ್ತ ಹೇಳಿದಳು: "ಏಡಿ ತುಂಬ ಹೊತ್ತು ಸರೀಲಿಲ್ಲ. ಅದಕ್ಕೆ ಭಯ ಆಗ್ತಿತ್ತು. ಆಮೇಲೆ ಅಲೆಮರಿ ಮುಖ ನೋಡ್ತು. ನೋಡಿ ಪಕ್ಕಕ್ಕೆ ಸರೀತು."

"ಅಲೆಮರಿ ಹೋದ್ಳಾ?" ಎಂದಳು ಅಮ್ಮ.

"ಹೋದ್ಳು. ಅಜ್ಜಿ ಹತ್ರ."

"ಹೋಗುವಾಗ ತಿರುಗಿ ನೋಡಿದ್ಳಾ?"

ಚಿಕ್ಕವಳು ಯೋಚಿಸಿದಳು. ಹೌದು ಎನ್ನುವುದು ಸುಲಭವಾಗಿತ್ತು, ಅಮ್ಮನಿಗೆ ಅದೇ ಬೇಕಾಗಿತ್ತು. ಆದರೆ ಕತೆಯ ಕೊನೆ ಈಗ ಅವಳ ಕೈಯಲ್ಲಿತ್ತು, ಅದರಲ್ಲಿ ಸುಳ್ಳು ಸೇರಿಸಲು ಅವಳಿಗೆ ಮನಸ್ಸಾಗಲಿಲ್ಲ.

"ಇಲ್ಲಮ್ಮಾ. ಅಲೆಗಳು ತಿರುಗಿ ನೋಡಲ್ಲ. ಏಡಿ ನೋಡ್ತಾ ಇತ್ತು, ಕಾಣೋ ತನಕ."

ಹಾಗೆಂದು ಅವಳು ಪೊರಕೆಯನ್ನು ಮುಂದಕ್ಕೆ ತಳ್ಳಿದಳು. ಪಕ್ಕದಲ್ಲಿ ಕೆಂಪು ಹಿಡಿಕೆಯ ಪೊರಕೆಯೂ ಬಂತು, ಅಪ್ಪನದೂ ಬಂತು. ಜಾಲರಿ ಗೊಳಗೊಳ ಎಂದು ಕುಡಿಯಿತು, ಕುಡಿದು ಸುಮ್ಮನಾಯಿತು. ಚಿಕ್ಕವಳು ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ಅದಕ್ಕೆ ಎರಡು ಸಲ ಬಡಿದಳು.

"ಹೊಸ ನೀರು ತುಂಬ ತಣ್ಣಗಿರುತ್ತೆ," ಎಂದಳು ಅಮ್ಮ. "ಮೊದಲ ದಿನ ಜಾಸ್ತಿ ಹೊತ್ತು ಇರ್ಬೇಡ."

"ಆಯ್ತಮ್ಮಾ" ಎಂದಳು ಚಿಕ್ಕವಳು. ಅಪ್ಪ ತಳ ತೊಳೆಯುವ ಪೈಪು ತರಲು ಏಣಿ ಹತ್ತಿದ.